ಮೂರು ಸಿದ್ಧಾಂತಗಳು ಮೂರು ಉತ್ತರ ಕೊಡುವಾಗ ಉದ್ಯಮಕ್ಕೆ ನೀತಿಶಾಸ್ತ್ರದಿಂದ ಏನು ಪ್ರಯೋಜನ?

ಪ್ರಶ್ನೆ

ನಮಸ್ಕಾರ. ನಾನು ಮನೆಬಳಕೆಯ ವಿದ್ಯುತ್ ಉಪಕರಣಗಳನ್ನು ತಯಾರಿಸುವ ಕಂಪನಿಯೊಂದರ ಗುಣಮಟ್ಟ ವಿಭಾಗದಲ್ಲಿದ್ದೇನೆ. ನಮ್ಮ ಒಂದು ಹೀಟರನ್ನು ಬಿಡದೆ ಹಲವು ಗಂಟೆ ಚಾಲೂ ಇಟ್ಟರೆ ಅದರ ಸ್ವಿಚ್ ವಿಪರೀತ ಬಿಸಿಯಾಗುತ್ತದೆ. ಕೆಲವು ಮಾದರಿಗಳಲ್ಲಿ ಸ್ವಿಚ್ಚಿನ ಸುತ್ತಲಿನ ಪ್ಲಾಸ್ಟಿಕ್ ಮೆತ್ತಗಾಗಿ ಬಾಗಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ನಿಯಮದ ಪ್ರಕಾರ ನಡೆಸಬೇಕಾದ ಪರೀಕ್ಷೆಯ ಅವಧಿ ಇದಕ್ಕಿಂತ ಕಡಿಮೆ ಇರುವುದರಿಂದ ಹೀಟರ್ ಪರೀಕ್ಷೆಯಲ್ಲಿ ಪಾಸಾಗಿದೆ. ಸ್ವಿಚ್ ಬದಲಾಯಿಸಲು ತಗಲುವ ಖರ್ಚು, ಮುಂದೆ ಬರಬಹುದಾದ ದೂರುಗಳಿಗೆ ಕೊಡಬೇಕಾದ ಪರಿಹಾರಕ್ಕಿಂತ ಹೆಚ್ಚು ಎಂದು ಮಾರಾಟ ವಿಭಾಗದವರು ಲೆಕ್ಕ ತೋರಿಸಿದ್ದಾರೆ. ಈ ಬಗ್ಗೆ ಆಡಳಿತ ಮಂಡಳಿಗೆ ನಾನೊಂದು ಟಿಪ್ಪಣಿ ಬರೆಯಬೇಕಾಗಿದೆ.

ವ್ಯವಹಾರ ನೀತಿಯನ್ನು ಕುರಿತ ಒಂದು ಕೋರ್ಸಿನಲ್ಲಿ ಬೆಂಥಮ್, ಕಾಂಟ್, ಅರಿಸ್ಟಾಟಲ್ ಎಂಬ ಮೂವರು ತತ್ತ್ವಜ್ಞಾನಿಗಳನ್ನೂ ಓದಿದ್ದೇನೆ. ಆದರೆ ಈ ಪ್ರಕರಣವನ್ನು ಮುಂದಿಟ್ಟುಕೊಂಡು ಕುಳಿತರೆ, ಒಟ್ಟು ಸುಖ ಹೆಚ್ಚಿಸುವುದೇ ಸರಿಯಾದ ಕೃತ್ಯ ಎನ್ನುವ ಬೆಂಥಮನ ಉಪಯುಕ್ತತಾವಾದ ಮಾರಾಟ ವಿಭಾಗದ ಪರವಾಗಿ ನಿಂತಂತೆ ತೋರುತ್ತದೆ, ಕಾಂಟ್ ಅದನ್ನು ಒಪ್ಪುವುದಿಲ್ಲ, ಅರಿಸ್ಟಾಟಲ್ ವಿವೇಕಿಯಾದವನು ಮಾಡುವುದನ್ನು ಮಾಡು ಎನ್ನುತ್ತಾನೆ. ಮೊದಲೇ ತೀರ್ಮಾನ ಮಾಡಿಕೊಂಡವರು ತಮಗೆ ಅನುಕೂಲವಾದ ಸಿದ್ಧಾಂತವನ್ನು ಆರಿಸಿಕೊಳ್ಳಬಹುದು ಎಂದಾದರೆ ನೀತಿಶಾಸ್ತ್ರ ಬರಿಯ ಅಲಂಕಾರವಾಗಿ ಉಳಿಯುವುದಿಲ್ಲವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1

ತಮ್ಮ ಪ್ರಶ್ನೆ ಬಹಳ ಗಂಭೀರವಾದದ್ದು. ತತ್ತ್ವಶಾಸ್ತ್ರವನ್ನು ಪಾಠ ಮಾಡುವವನಾಗಿ ನಾನು ಮೊದಲು ಒಂದು ತಪ್ಪು ಗ್ರಹಿಕೆಯನ್ನು ಬಿಡಿಸಬಯಸುತ್ತೇನೆ. ಮಾರಾಟ ವಿಭಾಗದ ಲೆಕ್ಕ ಉಪಯುಕ್ತತಾವಾದವೇ ಅಲ್ಲ. ಬೆಂಥಮ್ ಮತ್ತು ಅವನ ಹಾದಿಯಲ್ಲಿ ನಡೆದ ಮಿಲ್ ಹೇಳಿದ ಲೆಕ್ಕದಲ್ಲಿ ಒಂದು ಕೃತ್ಯದಿಂದ ಯಾರು ಯಾರಿಗೆ ಸುಖದುಃಖ ತಟ್ಟುತ್ತದೆಯೋ ಅವರೆಲ್ಲರೂ ಬರಬೇಕು, ಒಬ್ಬೊಬ್ಬರನ್ನೂ ಸಮನಾಗಿ ಎಣಿಸಬೇಕು. ತಮ್ಮ ಸಹೋದ್ಯೋಗಿಗಳ ಲೆಕ್ಕದಲ್ಲಿರುವುದು ಕಂಪನಿಯೊಂದೇ. ಅಲ್ಲಿ ಬಳಕೆದಾರನ ಕೈ ಸುಟ್ಟರೆ ಅದು ಪರಿಹಾರದ ಅರ್ಜಿಯಾಗಿ ಕಂಪನಿಯ ಬಾಗಿಲಿಗೆ ಬಂದಾಗ ಮಾತ್ರ ಅಂಕಿಯಾಗುತ್ತದೆ. ದೂರು ಕೊಡಲು ತಿಳಿಯದವನ, ಹೀಟರಿನಿಂದಲೇ ಹೀಗಾಯಿತೆಂದು ಸಾಬೀತುಪಡಿಸಲಾಗದವನ ನೋವು ಅಲ್ಲಿ ಸೊನ್ನೆ. ಇದಕ್ಕೆ ಉಪಯುಕ್ತತಾವಾದದ ಹೆಸರು ಕೊಟ್ಟರೆ ಬೆಂಥಮನಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಹಾಗಾದರೆ ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಸಮಸ್ಯೆ ಮುಗಿಯಿತೇ ಎಂದರೆ, ಇಲ್ಲ. ಹಿಂದಿನಿಂದ ಗುದ್ದಿದರೆ ಇಂಧನ ಟ್ಯಾಂಕ್ ಒಡೆದು ಬೆಂಕಿ ಹತ್ತುತ್ತದೆ ಎಂದು ಟೀಕೆಗೊಳಗಾದ ಪಿಂಟೊ ಕಾರಿನ ಚರ್ಚೆಯಲ್ಲಿ ಪದೇ ಪದೇ ಉಲ್ಲೇಖವಾಗುವ, ಅದನ್ನು ತಯಾರಿಸಿದ ಫೋರ್ಡ್ ಕಂಪನಿಯಲ್ಲಿ 1973ರಲ್ಲಿ ತಯಾರಾದ ಪತ್ರವನ್ನು ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಬೇಕು. ಕಾರು ಮಗುಚಿದಾಗ ಇಂಧನ ಸೋರುವುದನ್ನು ತಡೆಯಲು ವಾಹನವೊಂದಕ್ಕೆ 11 ಡಾಲರ್ ಖರ್ಚು, ವಾಹನಗಳ ಸಂಖ್ಯೆ 1.25 ಕೋಟಿ, ಒಟ್ಟು ಸುಮಾರು 13.7 ಕೋಟಿ ಡಾಲರ್ ಎಂದು ಒಂದು ಕಡೆ ಬರೆಯಲಾಗಿತ್ತು. ಇನ್ನೊಂದು ಕಡೆ 180 ಸಾವು, ತಲಾ 2 ಲಕ್ಷ ಡಾಲರ್. 180 ತೀವ್ರ ಸುಟ್ಟಗಾಯ, ತಲಾ 67 ಸಾವಿರ. ಸುಟ್ಟ ವಾಹನ 2,100, ತಲಾ 700. ಎಲ್ಲ ಸೇರಿ ಸುಮಾರು 4.95 ಕೋಟಿ. ತನ್ನ ಗ್ರಾಹಕರ ಸಾವಿಗೆ ಕೊಡಬೇಕಾದ ಪರಿಹಾರವನ್ನು ಫೋರ್ಡ್ ಗುಟ್ಟಾಗಿ ಹೀಗೆ ಲೆಕ್ಕ ಹಾಕಿತು ಎಂದು ಎಷ್ಟೋ ಕಡೆ ಬರೆಯುತ್ತಾರೆ, ಅದು ಸರಿಯಲ್ಲ. ಆ ಪತ್ರ ಪಿಂಟೊ ಒಂದನ್ನೇ ಕುರಿತದ್ದಾಗಿರಲಿಲ್ಲ, ಹಿಂದಿನಿಂದ ಬಂದು ಗುದ್ದುವ ಅಪಘಾತವನ್ನು ಕುರಿತದ್ದೂ ಆಗಿರಲಿಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಮುಂದಿದ್ದ ನಿಯಮದ ಚರ್ಚೆಗೆಂದು ಅದು ತಯಾರಾಗಿತ್ತು, ಒಂದು ಜೀವಕ್ಕೆ 2 ಲಕ್ಷ ಡಾಲರ್ ಎಂಬ ದರವೂ ಆ ಸಂಸ್ಥೆಯ ಅಂದಾಜಿನಿಂದಲೇ ಬಂದದ್ದು. ಅಂದರೆ ಅದು ಇಡೀ ಸಮಾಜದ ನಷ್ಟವನ್ನು ಎಣಿಸಿದ ಲೆಕ್ಕ. ಆ ಮಟ್ಟಿಗೆ ಅದು ತಮ್ಮ ಮಾರಾಟ ವಿಭಾಗದ ಲೆಕ್ಕಕ್ಕಿಂತ ಪ್ರಾಮಾಣಿಕವಾದದ್ದು ಎಂದೇ ನಾನು ಹೇಳುತ್ತೇನೆ.

ಆದರೂ ಅದನ್ನು ಓದಿದವರ ಮನಸ್ಸು ಏಕೆ ಕಲಕುತ್ತದೆ? 11 ಡಾಲರ್ ಉಳಿಸಿಕೊಂಡವರು ಯಾರು, ಬೆಂದವರು ಯಾರು, ಬೇಯುವ ಸಾಧ್ಯತೆಯಿದೆ ಎಂದು ಅವರಿಗೆ ಯಾರು ಹೇಳಿದ್ದರು ಎಂಬ ಪ್ರಶ್ನೆಗಳು ಆ ಕೂಡಿಸುವ ಕಳೆಯುವ ಲೆಕ್ಕದಲ್ಲಿ ಬರುವುದೇ ಇಲ್ಲ. ಇನ್ನೊಬ್ಬರನ್ನು ಬರಿಯ ಸಾಧನವಾಗಿ ಬಳಸಬಾರದು ಎಂದು ಕಾಂಟ್ ಹೇಳಿದ್ದು ಕೆಲಸಕ್ಕೆ ಬರುವುದು ಈ ಜಾಗದಲ್ಲಿ. ಒಂದು ಸಿದ್ಧಾಂತದ ಲೆಕ್ಕದಿಂದ ಹೊರಗುಳಿದದ್ದನ್ನು ಇನ್ನೊಂದು ಸಿದ್ಧಾಂತ ಕಾಣಿಸುತ್ತದೆ. ಮೂರರಲ್ಲಿ ಯಾವುದು ಗೆದ್ದಿತು ಎಂದು ನೋಡುವುದನ್ನು ಬಿಟ್ಟು, ಟಿಪ್ಪಣಿಯಿಂದ ಏನು ಬಿಟ್ಟುಹೋಗಿದೆ ಎಂದು ಒಂದೊಂದನ್ನೂ ಕೇಳಿ ನೋಡಿ.

ಉತ್ತರ 2

ಹಿಂದಿನವರ ಬರಹವನ್ನು ಗೌರವದಿಂದ ಓದಿದೆ, ಆದರೆ ಒಂದು ವಿಷಯದಲ್ಲಿ ನನಗೆ ಭಿನ್ನಾಭಿಪ್ರಾಯವಿದೆ. ನಾನು ಕಂಪನಿಗಳ ಲೆಕ್ಕಪತ್ರ ನೋಡುವವನು. ಅಪಾಯಕ್ಕೆ ಬೆಲೆ ಕಟ್ಟುವುದೇ ಅನೈತಿಕ ಎಂಬ ಧ್ವನಿ ಇಂತಹ ಚರ್ಚೆಗಳಲ್ಲಿ ಬೇಗ ಬಂದುಬಿಡುತ್ತದೆ. ಅಪಾಯವೇ ಇಲ್ಲದ ವಸ್ತುವನ್ನು ಯಾರೂ ತಯಾರಿಸಲಾರರು. ಏಣಿ, ಚಾಕು, ಔಷಧ, ವಾಹನ ಯಾವುದೂ ಹಾಗಿಲ್ಲ. ರಸ್ತೆಗೆ ತಡೆಗೋಡೆ ಕಟ್ಟಬೇಕೋ ಬೇಡವೋ ಎಂದು ತೀರ್ಮಾನಿಸುವ ಸರ್ಕಾರವೂ ಇದೇ ಬಗೆಯ ಲೆಕ್ಕ ಹಾಕುತ್ತದೆ, ಹಾಕಲೇಬೇಕು. ಲೆಕ್ಕ ಹಾಕದವನು ಅಪಾಯವನ್ನು ಕಣ್ಣುಮುಚ್ಚಿಕೊಂಡು ಹಂಚುತ್ತಾನೆ, ಅಷ್ಟೇ.

ಹಾಗೆಂದು ಮಾರಾಟ ವಿಭಾಗದವರನ್ನು ನಾನು ಸಮರ್ಥಿಸುತ್ತಿಲ್ಲ. ಚಾಕು ಹರಿತವೆಂದು ಕೊಳ್ಳುವವನಿಗೆ ಗೊತ್ತು, ಅದಕ್ಕಾಗಿಯೇ ಅವನು ಅದನ್ನು ಕೊಳ್ಳುತ್ತಾನೆ. ಹೀಟರಿನ ಸ್ವಿಚ್ ರಾತ್ರಿಯೆಲ್ಲ ಚಾಲೂ ಇದ್ದರೆ ಮೆತ್ತಗಾಗುತ್ತದೆ ಎಂಬುದು ಗ್ರಾಹಕನಿಗೆ ಗೊತ್ತಿಲ್ಲ, ನಿಮಗೆ ಗೊತ್ತು. ಲಾಭವೇ ಉದ್ಯಮದ ಸಾಮಾಜಿಕ ಹೊಣೆ ಎಂದು 1970ರಲ್ಲಿ ವಾದಿಸಿದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಅವರನ್ನು ಇಂತಹ ಸಂದರ್ಭದಲ್ಲಿ ಮುಂದೆ ಮಾಡುವವರಿದ್ದಾರೆ. ಆದರೆ ಅವರು ಅದಕ್ಕೆ ಷರತ್ತು ಹಾಕಿದ್ದರು: ಆಟದ ನಿಯಮಗಳೊಳಗೆ ಇರಬೇಕು, ಸ್ಪರ್ಧೆ ಮುಕ್ತವಾಗಿರಬೇಕು, ವಂಚನೆ ಮೋಸ ಇರಬಾರದು. ಗೊತ್ತಿರುವ ದೋಷವನ್ನು ಮುಚ್ಚಿಟ್ಟು ಮಾರುವುದು ಆ ಷರತ್ತಿನ ಪ್ರಕಾರವೂ ನಿಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಈ ಪ್ರಕರಣಕ್ಕೆ ಕಾಂಟ್‌ವರೆಗೆ ಹೋಗುವ ಅಗತ್ಯವೇ ನನಗೆ ಕಾಣುವುದಿಲ್ಲ.

ಉತ್ತರ 3

ಎರಡನೆಯ ಉತ್ತರ ಬರೆದವರ ತೀರ್ಮಾನವನ್ನು ಒಪ್ಪುತ್ತೇನೆ, ಕಾಂಟ್ ಬೇಕಿಲ್ಲ ಎಂಬ ಮಾತನ್ನು ಮಾತ್ರ ಒಪ್ಪಲಾರೆ. 1785ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಕಾಂಟ್ ಒಬ್ಬ ವ್ಯಾಪಾರಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತಾನೆ. ಆ ವ್ಯಾಪಾರಿ ಎಲ್ಲರಿಗೂ ಒಂದೇ ಬೆಲೆ ಹೇಳುತ್ತಾನೆ. ಏನೂ ತಿಳಿಯದ ಮಗು ಬಂದರೂ ಮೋಸ ಮಾಡುವುದಿಲ್ಲ. ಆದರೆ ಹಾಗೆ ನಡೆದುಕೊಳ್ಳುವುದು ಅವನ ವ್ಯಾಪಾರಕ್ಕೆ ಲಾಭದಾಯಕವೂ ಹೌದು. ಹಾಗಿರುವಾಗ ಅವನ ನಡತೆ ನೋಡಿಯಷ್ಟೇ ಅವನು ಪ್ರಾಮಾಣಿಕತೆಗಾಗಿ ಪ್ರಾಮಾಣಿಕನಾಗಿದ್ದಾನೆ ಎನ್ನಲಾಗದು ಎಂದು ಕಾಂಟ್ ಹೇಳುತ್ತಾನೆ. ಇದು ಸೂಕ್ಷ್ಮ ತರ್ಕ ಮಾತ್ರವೆಂದು ತೋರಬಹುದು. ಉದ್ಯಮದಲ್ಲಿ ಕೂತವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ‘ಹೆಸರು ಕೆಟ್ಟರೆ ಮಾರಾಟ ಬೀಳುತ್ತದೆ, ಆದ್ದರಿಂದ ಸ್ವಿಚ್ ಬದಲಾಯಿಸೋಣ’ ಎಂದು ತಾವು ಟಿಪ್ಪಣಿಯಲ್ಲಿ ಬರೆದರೆ ಈ ಸಲ ಒಪ್ಪಿಗೆ ಸಿಗಬಹುದು. ಆದರೆ ಹೆಸರು ಕೆಡುವುದಿಲ್ಲ ಎಂದು ಮುಂದಿನ ವರ್ಷ ಯಾರಾದರೂ ತೋರಿಸಿಕೊಟ್ಟರೆ, ತಮ್ಮ ವಾದವೇ ಅವರ ಪರವಾಗಿ ಸಾಕ್ಷಿ ಹೇಳುತ್ತದೆ.

ಪರೀಕ್ಷೆಯಲ್ಲಿ ಪಾಸಾಗಿದೆ ಎಂಬ ಮಾತೂ ನನ್ನನ್ನು ಚಿಂತೆಗೀಡುಮಾಡಿತು. ಫೋಕ್ಸ್‌ವ್ಯಾಗನ್ ಪ್ರಕರಣ 2015ರಲ್ಲಿ ಬಯಲಾದಾಗ, ಪರೀಕ್ಷೆ ನಡೆಯುತ್ತಿದೆಯೆಂದು ಗುರುತಿಸಿ ಹೊಗೆಯ ಮಾಲಿನ್ಯವನ್ನು ತಗ್ಗಿಸುವ ತಂತ್ರಾಂಶ ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಡೀಸೆಲ್ ವಾಹನಗಳಲ್ಲಿ ಇತ್ತೆಂದು ಕಂಪನಿಯೇ ಒಪ್ಪಿಕೊಂಡಿತು. ತಮ್ಮ ಕಂಪನಿಯಲ್ಲಿ ಅಂತಹ ಸಂಚು ಯಾವುದೂ ನಡೆದಿಲ್ಲ, ಎರಡನ್ನೂ ಸಮೀಕರಿಸುವುದು ತಪ್ಪಾಗುತ್ತದೆ. ಆದರೂ ಪರೀಕ್ಷೆ ಇರುವುದು ಬಳಸುವವರನ್ನು ಕಾಪಾಡಲಿಕ್ಕೆ. ನಿಜವಾದ ಬಳಕೆಯಲ್ಲಿ ಅವರಿಗೆ ಅಪಾಯವಿದೆ ಎಂದು ಗೊತ್ತಾದ ಮೇಲೂ ಪ್ರಮಾಣಪತ್ರವನ್ನು ಮುಂದೆ ಹಿಡಿದರೆ, ಕಾಪಾಡಲೆಂದು ಮಾಡಿದ ನಿಯಮವನ್ನು ಜವಾಬ್ದಾರಿ ತಪ್ಪಿಸಿಕೊಳ್ಳಲು ಬಳಸಿದಂತಾಗುತ್ತದೆ.

ಉತ್ತರ 4

ನಾನು ತತ್ತ್ವಶಾಸ್ತ್ರ ಓದಿದವಳಲ್ಲ, ಎಂಜಿನಿಯರ್. ಟಿಪ್ಪಣಿ ಬರೆಯುವ ಮೊದಲು ತಾವು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಉಡಾವಣೆಯ ಹಿಂದಿನ ರಾತ್ರಿ ನಡೆದ ಸಭೆಯನ್ನು ನೆನಪಿಸಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. 1986ರ ಜನವರಿ 27ರಂದು, ರಾಕೆಟ್ ತಯಾರಿಸಿದ ಮಾರ್ಟನ್ ಥಿಯೊಕೋಲ್ ಕಂಪನಿಯ ಎಂಜಿನಿಯರುಗಳು ಚಳಿಗೆ ರಾಕೆಟ್ಟಿನ ಕೀಲುಗಳಲ್ಲಿನ ರಬ್ಬರ್ ಉಂಗುರಗಳು ಸರಿಯಾಗಿ ಮುಚ್ಚಿಕೊಳ್ಳಲಾರವು, ಉಡಾವಣೆ ಬೇಡ ಎಂದರು. ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಿಗೆ ಅವರ ಮೇಲಧಿಕಾರಿ, ಎಂಜಿನಿಯರನ ಟೋಪಿ ತೆಗೆದು ಆಡಳಿತಗಾರನ ಟೋಪಿ ಹಾಕಿಕೊಳ್ಳಿ ಎಂದು ಹೇಳಿದರು. ಶಿಫಾರಸು ಬದಲಾಯಿತು. ಮರುದಿನ ಹಾರಿದ ನೌಕೆ ಸಿಡಿದು ಅದರಲ್ಲಿದ್ದ ಏಳು ಜನ ಸತ್ತರು.

ಆ ಸಭೆಯಲ್ಲಿ ನಡೆದ ಇನ್ನೊಂದು ಬದಲಾವಣೆ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಸುರಕ್ಷಿತವೆಂದು ಸಾಬೀತಾದರೆ ಮಾತ್ರ ಹಾರಿಸಬೇಕು ಎಂಬುದು ವಾಡಿಕೆಯಾಗಿತ್ತು. ಅಂದು ಅಪಾಯವಿದೆಯೆಂದು ಸಾಬೀತುಪಡಿಸುವ ಹೊರೆ ಎಂಜಿನಿಯರುಗಳ ತಲೆಯ ಮೇಲೆ ಬಿತ್ತು. ತಮ್ಮ ಕಂಪನಿಯಲ್ಲೂ ಎಷ್ಟು ಜನರಿಗೆ ಗಾಯವಾಗುತ್ತದೆ ಎಂದು ತೋರಿಸಿ ಎಂದು ತಮ್ಮನ್ನೇ ಕೇಳುತ್ತಿದ್ದರೆ, ಆ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು, ಸಾಬೀತುಪಡಿಸಬೇಕಾದವರು ಯಾರು ಎಂಬುದನ್ನೇ ಟಿಪ್ಪಣಿಯಲ್ಲಿ ಎತ್ತಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಮಾರಾಟ ವಿಭಾಗದ ಲೆಕ್ಕದಲ್ಲಿ ಬಳಕೆದಾರರ ನಷ್ಟ ಸೇರಿಲ್ಲ ಎಂಬುದನ್ನು ಟಿಪ್ಪಣಿಯ ಮೊದಲಿಗೇ ಬರೆಯುತ್ತೇನೆ. ದೀರ್ಘ ಬಳಕೆಯಲ್ಲಿ ಸ್ವಿಚ್ ಸುರಕ್ಷಿತವೆಂದು ತೋರಿಸುವ ಪರೀಕ್ಷೆ ಆಗುವವರೆಗೆ ಹೊಸ ಮಾಲನ್ನು ಡೀಲರುಗಳಿಗೆ ಕಳುಹಿಸಬಾರದು ಎಂದೂ ಕೇಳುತ್ತೇನೆ. ಹೆಸರು ಕೆಡುತ್ತದೆ ಎಂಬ ವಾದವನ್ನು ಕೈಬಿಡುವುದು ಮಾತ್ರ ನನಗೆ ಕಷ್ಟವೆನಿಸುತ್ತಿದೆ, ಏಕೆಂದರೆ ಮಂಡಳಿಯವರಿಗೆ ಒಗ್ಗುವ ಭಾಷೆ ಅದು. ಇನ್ನೂ ಬಗೆಹರಿಯದೆ ಉಳಿದಿರುವುದು ಈಗಾಗಲೇ ಮಾರಾಟವಾಗಿ ಮನೆಗಳಲ್ಲಿರುವ ಹೀಟರುಗಳ ವಿಷಯ. ಹೊಸ ಸ್ವಿಚ್ ಸಿದ್ಧವಾದ ಮೇಲೆ ಅವರಿಗೆ ತಿಳಿಸಿದರೆ ಸಾಕೇ?

ಉತ್ತರ 1 ಬರೆದವರಿಂದ

ಸಾಲದು. ಹೆಸರಿನ ವಾದವನ್ನು ಪೂರ್ತಿ ಬಿಡಬೇಕಾಗಿಲ್ಲ, ಎರಡನೆಯ ಸ್ಥಾನದಲ್ಲಿಡಿ. ಮೊದಲ ಕಾರಣ ಬಳಸುವವರ ಸುರಕ್ಷತೆಯೆಂದು ಕಾಗದದ ಮೇಲೆ ಸ್ಪಷ್ಟವಾಗಿರಲಿ. ಇನ್ನು ಮಾರಾಟವಾದ ಹೀಟರುಗಳು. 1982ರಲ್ಲಿ ಷಿಕಾಗೋ ಸುತ್ತಮುತ್ತ ಯಾರೋ ಟೈಲೆನಾಲ್ ಎಂಬ ನೋವು ನಿವಾರಕ ಗುಳಿಗೆಗಳಲ್ಲಿ ಸಯನೈಡ್ ಬೆರೆಸಿ ಏಳು ಜನ ಸತ್ತಾಗ, ಅದರಲ್ಲಿ ತಯಾರಕರ ತಪ್ಪಿರಲಿಲ್ಲ. ಆದರೂ ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಜನರಿಗೆ ಎಚ್ಚರಿಕೆ ಕೊಟ್ಟು ದೇಶಾದ್ಯಂತ ಸುಮಾರು 3.1 ಕೋಟಿ ಬಾಟಲಿಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಬಿಗಿಯಾದ ಹೊಸ ಮುಚ್ಚಳ ಬಂದದ್ದು ಆಮೇಲೆ. ತಮ್ಮ ಪ್ರಕರಣದಲ್ಲಿ ದೋಷ ಕಂಪನಿಯದೇ ಆಗಿರುವುದರಿಂದ ಕಾಯಲು ಇನ್ನೂ ಕಡಿಮೆ ಕಾರಣವಿದೆ. ಇಷ್ಟು ಗಂಟೆಗಿಂತ ಹೆಚ್ಚು ಹೊತ್ತು ಬಿಡದೆ ಬಳಸಬೇಡಿ, ಸ್ವಿಚ್ ಬಾಗಿದ್ದು ಕಂಡರೆ ಪ್ಲಗ್ ತೆಗೆದು ನಮಗೆ ತಿಳಿಸಿ ಎಂಬ ಸೂಚನೆ ವಾರಂಟಿ ನೋಂದಣಿಯ ವಿಳಾಸಗಳಿಗೂ ಡೀಲರುಗಳಿಗೂ ಕೂಡಲೇ ಹೋಗಬೇಕು. ಬದಲಿ ಸ್ವಿಚ್ ಹಿಂದಿನಿಂದ ಹೋಗಲಿ. ಟಿಪ್ಪಣಿಯ ಜೊತೆ ತಮ್ಮ ಪರೀಕ್ಷೆಯ ದಾಖಲೆಗಳನ್ನೂ ಬಾಗಿದ ಸ್ವಿಚ್ಚುಗಳ ಫೋಟೋಗಳನ್ನೂ ದಿನಾಂಕ ಸಮೇತ ಲಗತ್ತಿಸಿ, ಸ್ವೀಕೃತಿಯ ಸಹಿ ಪಡೆದುಕೊಳ್ಳಿ.