ಬಾವಿ ಪೈಪಿನಲ್ಲಿ ಕಪ್ಪು ಪದರ, ಆಸಿಡ್‌ಗೂ ಪೂರ್ತಿ ಕರಗುತ್ತಿಲ್ಲ

ಗೇಜ್‌ರಿಂಗ್: ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಇರುವ ಗ್ಯಾಸ್ ಬಾವಿ. ಉತ್ಪಾದನೆ ಆರು ತಿಂಗಳಿಂದ ಇಳಿಯುತ್ತಲೇ ಇದೆ. ಹೋದ ವಾರ ವೈರ್‌ಲೈನ್‌ನಲ್ಲಿ (ಬಾವಿಗೆ ಉಪಕರಣ ಇಳಿಸುವ ತಂತಿ) ಪೈಪಿನ ಒಳಅಗಲ ನೋಡುವ ಗೇಜ್ ಇಳಿಸಿದರೆ ಅರ್ಧಕ್ಕೇ ಸಿಕ್ಕಿಕೊಂಡಿತು, ಹೇಗೋ ಎಳೆದು ತೆಗೆದರೆ ಅದರ ಮೂತಿಗೆಲ್ಲ ಕಪ್ಪು ಹುಡಿ, ನಡುವೆ ಹಿತ್ತಾಳೆ ಬಣ್ಣಕ್ಕೆ ಹೊಳೆಯುವ ಗಟ್ಟಿ ಚೂರುಗಳು. ಲ್ಯಾಬಿನಲ್ಲಿ 15% ಹೈಡ್ರೋಕ್ಲೋರಿಕ್ ಆಸಿಡ್‌ಗೆ ಹಾಕಿದೆವು. ಹುಡಿ ಕರಗಿತು, ಚೂರು ಹಾಗೇ ಕೂತಿದೆ. ಆಸಿಡ್ ಜಾಸ್ತಿ ಮಾಡಿ ಅಂತಾರೆ ಮೇಲಿನವರು. ಸರಿನಾ?

ತುಕ್ಕುಮಿತ್ರ: ಬೇಡ. ಸುಣ್ಣದ ಪದರವಾಗಿದ್ದರೆ ನೊರೆ ಎದ್ದು ಪೂರ್ತಿ ಕರಗುತ್ತಿತ್ತು. ಇದು ಐರನ್ ಸಲ್ಫೈಡ್ ಇರಬೇಕು. ಅದರಲ್ಲಿ ಮೊದಲು ಹುಟ್ಟುವ ಮೆತ್ತನೆಯ ರೂಪ ಮ್ಯಾಕಿನವೈಟ್ ಆಸಿಡ್‌ಗೆ ಬಗ್ಗುತ್ತದೆ, ಹಳೆಯದಾಗಿ ಪೈರೈಟ್ ಎಂಬ ಗಟ್ಟಿ ರೂಪ ಆದರೆ ಬಗ್ಗುವುದಿಲ್ಲ. ನಿಮ್ಮ ಹೊಳೆಯುವ ಚೂರು ಅದೇ ಅಂತ ನನ್ನ ಗುಮಾನಿ, ಯಾವ ಖನಿಜ ಅಂತ ಹೇಳುವ ಎಕ್ಸ್‌ರೇ ಡಿಫ್ರಾಕ್ಷನ್ ಪರೀಕ್ಷೆ ಮಾಡಿಸಿ ನೋಡಿ. ಇನ್ನೊಂದು, ಹುಡಿ ಕರಗಿದಷ್ಟೂ ಹೈಡ್ರೋಜನ್ ಸಲ್ಫೈಡ್ ಎದ್ದು ಬರುತ್ತದೆ. ಗಾಳಿಯಲ್ಲಿ ಸುಮಾರು 100 ಪಿಪಿಎಂ (ಹತ್ತು ಲಕ್ಷದಲ್ಲಿ 100 ಪಾಲು) ದಾಟಿದರೆ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ, ಮೂಗು ನಂಬಿ ಕೂರಬೇಡಿ.

ಗೇಜ್‌ರಿಂಗ್: ಬಾವಿಯ ನೀರಲ್ಲಿ ಕಬ್ಬಿಣ ತೀರಾ ಕಮ್ಮಿ ಇದೆ. ಮತ್ತೆ ಇಷ್ಟೊಂದು ಎಲ್ಲಿಂದ ಬಂತು?

ಕೊಳವೆಬಾಯಿ: ನಿಮ್ಮ ಪೈಪಿನಿಂದಲೇ ಸ್ವಾಮಿ! ಉಕ್ಕು ತಿಂದುಕೊಂಡೇ ಆ ಪದರ ಬೆಳೆದಿರಬೇಕು, ಹಾಗಾಗಿ ಪದರ ಬೇರೆ ತುಕ್ಕು ಬೇರೆ ಅಂತ ಎರಡು ಫೈಲ್ ಮಾಡಬೇಡಿ. ಐರನ್ ಸಲ್ಫೈಡ್ ವಿದ್ಯುತ್ ಹರಿಯಬಿಡುತ್ತದೆ. ಪದರ ಬಿರುಕು ಬಿಟ್ಟ ಕಡೆ ಬರೀ ಉಕ್ಕು ಆನೋಡ್ (ಸವೆಯುವ ತುದಿ) ಆಗಿ ಅಲ್ಲೇ ಗುಂಡಿ ಬೀಳುತ್ತದೆ, ತುಕ್ಕು ತಡೆಯುವ ಇನ್ಹಿಬಿಟರ್ ಎಷ್ಟು ಸುರಿದರೂ ಪದರದ ಅಡಿಗೆ ಸರಿಯಾಗಿ ತಲುಪುವುದಿಲ್ಲ. ನಾನು ನೋಡಿದ ಒಂದು ಪೈಪ್ ಹೊರಗೆ ಹೊಸದರಂತಿತ್ತು, ಸೀಳಿ ಕಪ್ಪು ಪದರ ಕೆರೆದರೆ ಹೆಬ್ಬೆರಳು ಹಿಡಿಯುವಷ್ಟು ಗುಂಡಿ. ಪದರ ತೆಗೆದ ಮೇಲೆ ಪೈಪಿನ ಒಳಗೋಡೆ ಅಳೆಯುವ ಕ್ಯಾಲಿಪರ್ ಇಳಿಸಿ, ಮೊದಲೇ ಇಳಿಸಿದರೆ ಅದು ಪದರವನ್ನೇ ಅಳೆಯುತ್ತದೆ ಅಷ್ಟೇ.

ತುಕ್ಕುಮಿತ್ರ: ಪೈಪಿನ ಗ್ರೇಡ್ ಯಾವುದು ಹೇಳಲಿಲ್ಲ? ಆಸಿಡ್ ಜೊತೆ ಹೈಡ್ರೋಜನ್ ಸಲ್ಫೈಡ್ ಸೇರಿದರೆ ಗಡಸು ಉಕ್ಕು ಸದ್ದಿಲ್ಲದೆ ಸೀಳಬಹುದು. ಇಂಥ ಬಾವಿಗಳ ಲೋಹಕ್ಕಿರುವ ಐಎಸ್‌ಒ 15156 ಮಾನದಂಡ ಸಾಮಾನ್ಯ ಉಕ್ಕಿಗೆ 22 ರಾಕ್‌ವೆಲ್ ಸಿ (ಗಡಸುತನದ ಅಳತೆ) ಮಿತಿ ಇಟ್ಟಿರುವುದು ಸುಮ್ನೆ ಅಲ್ಲ.

ಕಾಯಿಲ್‌ಭಾಯಿ: ಪೈರೈಟ್ ಅಂತ ಖಾತ್ರಿಯಾದರೆ ಕಾಯಿಲ್ಡ್ ಟ್ಯೂಬಿಂಗ್ (ಸುರುಳಿ ಸುತ್ತಿಟ್ಟ ಉದ್ದನೆಯ ಉಕ್ಕಿನ ಕೊಳವೆ) ಇಳಿಸಿ ಕೊರೆದು ತೆಗೆಯುವುದೇ ವಾಸಿ. ಮೇಲೆ ಬಂದ ಹುಡಿ ಒಣಗಲು ಬಿಡಬೇಡಿ, ಗಾಳಿ ತಾಗಿದರೆ ತಾನೇ ಹೊತ್ತಿಕೊಳ್ಳಬಹುದು. ನಮ್ಮ ಹುಡುಗ ಉಪಕರಣ ಒರೆಸಿದ ಬಟ್ಟೆಯನ್ನು ಡಬ್ಬಕ್ಕೆ ಎಸೆದಿದ್ದ, ಚಹಾ ಕುಡಿದು ಬರುವಷ್ಟರಲ್ಲಿ ಹೊಗೆ!

ಗೇಜ್‌ರಿಂಗ್: ಅಯ್ಯೋ, ಸ್ಯಾಂಪಲ್ ಕಾಗದದ ಕವರಿನಲ್ಲಿ ಒಣಗಲು ಇಟ್ಟಿದ್ದೇನೆ. ಈಗಲೇ ನೀರಿಗೆ ಹಾಕಿ ಬರುತ್ತೇನೆ.