ಪಕ್ಕದ ಮನೆಯವರು ನಡುವಿನ ಸಂದಿಯಲ್ಲಿ ಕಟ್ಟಲು ಹೊರಟಿದ್ದಾರೆ, ಈಗ ಏನು ಮಾಡಬೇಕು?

ಬಳ್ಳಾರಿ ಮಗಳು

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನಮ್ಮ ಮನೆ ಇದೆ, ಅಪ್ಪ 1994ರಲ್ಲಿ ಕಟ್ಟಿಸಿದ್ದು. ಕಲ್ಲಿನ ಪಾಯ, ಒಂದೇ ಅಂತಸ್ತು. ಈಗ ಅಮ್ಮನ ಹೆಸರಲ್ಲಿದೆ, ಅವರೊಬ್ಬರೇ ಇರುತ್ತಾರೆ, ನಾನು ಬೆಂಗಳೂರಿನಲ್ಲಿದ್ದೇನೆ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಸುಮಾರು ಮೂರು ಅಡಿ ಸಂದಿ ಇದೆ. ಅಡುಗೆಮನೆ ಕಿಟಕಿ ಆ ಕಡೆಗೇ ತೆರೆಯುತ್ತದೆ, ಮಾಳಿಗೆ ಮೇಲಿನ ಮಳೆ ನೀರಿನ ಪೈಪೂ ಅಲ್ಲಿಗೇ ಇಳಿಯುತ್ತದೆ. ಪಕ್ಕದ ಮನೆ ಮಾಮನ ಮಗನಿಗೆ ಮದುವೆ ಗೊತ್ತಾಗಿದೆ, ಅದಕ್ಕೆ ಹಿಂದೆ ಒಂದು ರೂಮು, ಮೇಲೊಂದು ಅಂತಸ್ತು ಏರಿಸುತ್ತಾರಂತೆ, ಸಂದಿಯನ್ನೂ ಸೇರಿಸಿಕೊಂಡು ನಮ್ಮ ಗೋಡೆಗೆ ಒತ್ತಿ. ಮೇಸ್ತ್ರಿ ಬಂದು ಸುಣ್ಣದ ಗೆರೆ ಹಾಕಿ ಹೋಗಿದ್ದಾನೆ. ಮಾಮ ಕೆಟ್ಟವರಲ್ಲ, ಅಪ್ಪ ಹೋದಾಗ ಮುಂದೆ ನಿಂತು ಎಲ್ಲಾ ನೋಡಿಕೊಂಡವರು. ಹಾಗಾಗಿ ಅಮ್ಮ "ಜಗಳ ಬೇಡ, ಬಿಟ್ಟುಬಿಡು" ಅನ್ನುತ್ತಾರೆ. ಆದರೆ ಸುಮ್ನೆ ಕೂತರೆ ಆಮೇಲೆ ಏನೂ ಮಾಡೋಕೆ ಆಗಲ್ಲ ಅಂತ ನನಗೆ ಭಯ. ಬೆಳಕು, ಗಾಳಿ ನಮ್ಮ ಹಕ್ಕು ಅಂತಾರಲ್ಲ, ಅದು ನಿಜವಾ?

ಕೋರ್ಟ್ ರಸ್ತೆ

ಅಕ್ಕ, ಕಿಟಕಿ ಆಮೇಲೆ. ಮೊದಲು ಆ ಸಂದಿ ಯಾರದು ಅಂತ ಗೊತ್ತಾಗಲಿ. ನಿಮ್ಮ ಕ್ರಯಪತ್ರದಲ್ಲಿ ಚಕ್ಕುಬಂದಿ ಓದಿ, ಅಂದರೆ ನಾಲ್ಕು ದಿಕ್ಕಿಗೂ ಏನೇನಿದೆ ಅಂತ ಬರೆದಿರುವ ಭಾಗ. ಆ ಕಡೆ "ಇಂಥವರ ಮನೆ" ಅಂತಿದೆಯಾ, "ಸಂದಿ" ಅಂತಿದೆಯಾ? ಅಳತೆ ಎಷ್ಟು ಬರೆದಿದ್ದಾರೆ? ಅದನ್ನು ನಿಮ್ಮ ಗೋಡೆಯ ಹೊರ ಅಂಚಿನಿಂದ ಟೇಪ್ ಹಿಡಿದು ನೋಡಿ. ಪಕ್ಕದವರ ಪತ್ರವೂ ಬೇಕು, ಅದಕ್ಕೆ ಅವರನ್ನೇ ಕೇಳಬೇಕು ಅಂತೇನಿಲ್ಲ. ನೋಂದಣಿಯಾದ ಕ್ರಯಪತ್ರದ ದೃಢೀಕೃತ ನಕಲನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಶುಲ್ಕ ಕಟ್ಟಿ ಯಾರು ಬೇಕಾದರೂ ಪಡೆಯಬಹುದು. ಎರಡೂ ಪತ್ರದ ಅಳತೆ ಕೂಡಿಸಿದಾಗ ಸಂದಿ ಇಬ್ಬರ ಲೆಕ್ಕಕ್ಕೂ ಬರದಿದ್ದರೆ ಅದು ಸಾಮಾಯಿಕ, ಅಂದರೆ ಇಬ್ಬರಿಗೂ ಸೇರಿದ್ದು, ಅಂತ ವಾದಿಸೋಕೆ ಜಾಗ ಇದೆ. ಹಳೇ ಬಡಾವಣೆಯಾದರೆ ಮೂಲ ಪತ್ರದವರೆಗೂ ಹೋಗಿ. ನಮ್ಮ ಬಳ್ಳಾರಿ 1953ರ ತನಕ ಮದ್ರಾಸಿಗೆ ಸೇರಿತ್ತಲ್ವಾ, ಎಷ್ಟೋ ಪತ್ರ ತೆಲುಗಲ್ಲೋ ಇಂಗ್ಲಿಷಲ್ಲೋ ಇರುತ್ತವೆ, ಓದುವವರನ್ನು ಹುಡುಕಿಕೊಳ್ಳಿ.

ಸುಡು ಬಿಸಿಲು

ಇಷ್ಟೆಲ್ಲಾ ಯಾಕೆ ರೀ, ನಾಳೆಯೇ ಕೋರ್ಟಿಗೆ ಹೋಗಿ ಕೇವಿಯಟ್ ಹಾಕಿ, ಕೆಲಸ ನಿಂತು ಹೋಗುತ್ತೆ. ಮಾಮ ಗೀಮ ಅಂತ ನೋಡುತ್ತಾ ಕೂತರೆ ಗೋಡೆ ಎದ್ದುಬಿಡುತ್ತೆ. ಬೆಳಕು ಗಾಳಿ 20 ವರ್ಷ ಅನುಭವಿಸಿದ್ದರೆ ನಿಮ್ಮದೇ, ಮುಗೀತು.

ಕೋರ್ಟ್ ರಸ್ತೆ

ಅಣ್ಣ, ಕೇವಿಯಟ್‌ನಿಂದ ಯಾವ ಕೆಲಸವೂ ನಿಲ್ಲಲ್ಲ. ಎದುರಿನವರು ಕೋರ್ಟಿಗೆ ಹೋದರೆ ನನ್ನನ್ನು ಕೇಳದೆ ಆದೇಶ ಕೊಡಬೇಡಿ ಅನ್ನೋದಕ್ಕೆ ಅದು. 90 ದಿನ ಇರುತ್ತೆ. ಇಲ್ಲಿ ಕೋರ್ಟಿಗೆ ಹೋಗಬೇಕಾದವರು ಈ ಅಕ್ಕನ ಮನೆಯವರೇ. ಕೆಲಸ ನಿಲ್ಲಬೇಕು ಅಂದರೆ ದಾವೆ ಹೂಡಿ ತಾತ್ಕಾಲಿಕ ತಡೆಯಾಜ್ಞೆ ಕೇಳಬೇಕು.

20 ವರ್ಷದ ಮಾತು ಅರ್ಧ ನಿಜ. 1882ರ ಈಸ್‌ಮೆಂಟ್ ಕಾಯ್ದೆಯ 15ನೇ ಕಲಂ ಅದು. ಈಸ್‌ಮೆಂಟ್ ಅಂದರೆ ನಮ್ಮ ಆಸ್ತಿಯ ಅನುಕೂಲಕ್ಕೆ ಪಕ್ಕದವರ ಜಾಗದ ಮೇಲೆ ಇರುವ ಹಕ್ಕು. ಶಾಂತವಾಗಿ, ಅಡ್ಡಿಯಿಲ್ಲದೆ, ಈಸ್‌ಮೆಂಟ್ ಅಂತಲೇ 20 ವರ್ಷ ಬೆಳಕು ಗಾಳಿ ಪಡೆದಿರಬೇಕು. ಅಷ್ಟಿದ್ದರೂ ಸಾಲದು. ಸ್ವಲ್ಪ ಮಂಕಾಯಿತು ಅಂದರೆ ಕೋರ್ಟ್ ಕೇಳಲ್ಲ, ಹಗಲಲ್ಲೇ ದೀಪ ಹಾಕದೆ ಅಡುಗೆ ಮಾಡೋಕೆ ಆಗಲ್ಲ ಅನ್ನೋ ಮಟ್ಟಿಗೆ ತೊಂದರೆ ತೋರಿಸಬೇಕು. ಆ ಅಡುಗೆಮನೆಗೆ ಬೇರೆ ಕಡೆ ಇನ್ನೊಂದು ಕಿಟಕಿ ಇದ್ದರೆ ಅದೇ ನಿಮಗೆ ಅಡ್ಡ ಬರುತ್ತೆ. ಅದಕ್ಕೇ ಇದೊಂದನ್ನೇ ನೆಚ್ಚಿಕೊಳ್ಳಬೇಡಿ ಅನ್ನೋದು.

ಆದರೆ ತಡ ಮಾಡಬೇಡಿ ಅನ್ನೋ ಮಾತು ಸರಿ. ಕಟ್ಟುವಾಗ ಸುಮ್ಮನಿದ್ದು ಸ್ಲ್ಯಾಬ್ ಬಿದ್ದ ಮೇಲೆ ಒಡೆಸಿ ಅಂತ ಹೋದರೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಅಂತಲೇ ಮೊದಲ ಪ್ರಶ್ನೆ ಬರುತ್ತದೆ. ಪಾಲಿಕೆಯಲ್ಲಿ ನಕ್ಷೆ ಮಂಜೂರಾಗಿದೆಯಾ, ಆ ಕಡೆ ಸೆಟ್‌ಬ್ಯಾಕ್ (ಗಡಿಯಿಂದ ಖಾಲಿ ಬಿಡಬೇಕಾದ ಜಾಗ) ಎಷ್ಟು ತೋರಿಸಿದ್ದಾರೆ ಅಂತ ಈ ವಾರವೇ ಹೋಗಿ ಕೇಳಿ, ಲಿಖಿತವಾಗಿ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಗೆ ಅರ್ಜಿ ಹಾಕಬಹುದು, ಆದರೆ ಉತ್ತರಕ್ಕೆ 30 ದಿನ ಅವಕಾಶ ಇದೆ, ಅಷ್ಟರಲ್ಲಿ ಗುಂಡಿ ತೋಡಿ ಮುಗಿದಿರುತ್ತದೆ. ಒಂದು ನೆನಪಿರಲಿ, ನಕ್ಷೆ ಮಂಜೂರಾದ ಮಾತ್ರಕ್ಕೆ ಆ ಜಾಗ ಅವರದಾಗಲ್ಲ. ಜಾಗದ ತಕರಾರನ್ನು ಪಾಲಿಕೆ ತೀರ್ಮಾನ ಮಾಡಲ್ಲ, ಅದು ಸಿವಿಲ್ ಕೋರ್ಟಿನ ಕೆಲಸ.

ಸೈಟ್ ಮೇಲಿನವನು

ನಾನು ಸಿವಿಲ್ ಕೆಲಸ ಮಾಡಿಸುವವನು. ಎಲ್ಲರೂ ಗೋಡೆ ಬಗ್ಗೆ ಮಾತಾಡುತ್ತಿದ್ದೀರಿ, ಗುಂಡಿ ಬಗ್ಗೆ ಯಾರೂ ಮಾತಾಡಲಿಲ್ಲ. ನಿಮ್ಮದು ಹಳೇ ಕಲ್ಲಿನ ಪಾಯ. ಅದರ ಬುಡದಲ್ಲೇ ಕಾಲಂ ಗುಂಡಿ ನಿಮ್ಮ ಪಾಯಕ್ಕಿಂತ ಆಳಕ್ಕೆ ತೋಡಿದರೆ ಪಕ್ಕದ ಮಣ್ಣಿನ ಆಸರೆ ಹೋಗುತ್ತದೆ, ಗೋಡೆ ಕೂರುತ್ತದೆ, ಬಿರುಕು ಬಿಡುತ್ತದೆ. ಅಲ್ಲಿ ಎರೆ ಮಣ್ಣಿದ್ದರಂತೂ ಇನ್ನೂ ಕಷ್ಟ. ಬೇಸಿಗೆಯಲ್ಲಿ ಸೀಳು ಬಿಡುತ್ತೆ, ಮಳೆ ಬಿದ್ದರೆ ಉಬ್ಬುತ್ತೆ. ಗುಂಡಿ ತೋಡಿ ಬಿಟ್ಟಾಗ ಒಂದು ಜೋರು ಮಳೆ ಬಂದರೆ ಸಾಕು.

ಮಾಮನ ಹತ್ತಿರ ಇದನ್ನೇ ಮೊದಲು ಮಾತಾಡಿ, ಯಾಕಂದರೆ ಇದರಲ್ಲಿ ಅವರಿಗೂ ನಷ್ಟ ಇದೆ. ಕಾಲಂ ಗಡಿ ಅಂಚಿನಲ್ಲಿ ನಿಂತರೆ ಮಾಮೂಲಿ ಚೌಕ ಫೂಟಿಂಗ್‌ನ (ಕಾಲಂ ಬುಡದ ಅಗಲವಾದ ಕಾಂಕ್ರೀಟ್ ಪಾಯ) ಅರ್ಧ ನಿಮ್ಮ ಜಾಗದೊಳಗೆ ಬರುತ್ತದೆ, ಮಣ್ಣು ಮುಚ್ಚಿದ ಮೇಲೆ ಯಾರಿಗೂ ಕಾಣಲ್ಲ. ಅದಕ್ಕೆ ಕಾಲಂ ಒಳಗೆ ಸರಿಸಬೇಕು, ಇಲ್ಲವೇ ಅಂಚಿನ ಫೂಟಿಂಗನ್ನು ಒಳಗಿನ ಫೂಟಿಂಗ್‌ಗೆ ಜೋಡಿಸುವ ಸ್ಟ್ರಾಪ್ ಬೀಮ್ ಕಟ್ಟಬೇಕು. ಮೇಸ್ತ್ರಿ ಅಂದಾಜಿಗೆ ಬಿಡುವ ವಿಷಯ ಅಲ್ಲ, ಸ್ಟ್ರಕ್ಚರಲ್ ಇಂಜಿನಿಯರ್ ಡ್ರಾಯಿಂಗ್ ಕೇಳಿ. ಗುಂಡಿಗಳನ್ನು ಒಂದೇ ಸಲ ಉದ್ದಕ್ಕೂ ತೋಡದೆ ಒಂದೊಂದಾಗಿ ತೋಡಿ, ಕಾಂಕ್ರೀಟ್ ಹಾಕಿ, ಮುಚ್ಚುತ್ತಾ ಹೋಗಲಿ.

ಕೆಲಸ ಶುರುವಾಗುವ ಮೊದಲು ನಿಮ್ಮ ಮನೆಯ ಒಳಗೆ ಹೊರಗೆ ಎಲ್ಲಾ ಗೋಡೆಯ ಫೋಟೋ ತೆಗೆಯಿರಿ, ತಾರೀಖು ಕಾಣಲಿ. ಈಗಾಗಲೇ ಬಿರುಕಿದ್ದರೆ ಅದರ ಮೇಲೆ ಅಡ್ಡಲಾಗಿ ಸ್ವಲ್ಪ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಚ್ಚಿ ತಾರೀಖು ಬರೆದಿಡಿ. ಅದು ಒಡೆದರೆ ಗೋಡೆ ಅಲುಗಿದೆ ಅಂತ ಅರ್ಥ.

ಬಳ್ಳಾರಿ ಮಗಳು

ಎಲ್ಲರಿಗೂ ಥ್ಯಾಂಕ್ಸ್. ಪತ್ರ ತೆಗೆದು ನೋಡಿದೆ. ನಮ್ಮ ಚಕ್ಕುಬಂದಿಯಲ್ಲಿ ಆ ಕಡೆ "ಸಂದಿ, ಅದರಾಚೆ ಮನೆ" ಅಂತಲೇ ಇದೆ, ನಮ್ಮ ಅಳತೆ ಗೋಡೆಗೇ ಮುಗಿಯುತ್ತದೆ. ಅಮ್ಮನೇ ಮಾಮನ ಮನೆಗೆ ಹೋಗಿ ಗುಂಡಿ ವಿಷಯ ಹೇಳಿದರು. ಅವರು ಸಿಟ್ಟಾಗಲಿಲ್ಲ, ಭಾನುವಾರ ಇಬ್ಬರ ಪತ್ರ ಇಟ್ಟುಕೊಂಡು ಅಳೆಯೋಣ ಅಂದರಂತೆ. ಅವರ ಮಗ ಮಾತ್ರ ಮುಖ ಗಂಟಿಕ್ಕಿಕೊಂಡಿದ್ದನಂತೆ. ಒಪ್ಪಿಕೊಂಡರೆ ಬಾಯಿಮಾತು ಸಾಕಾ?

ಕೋರ್ಟ್ ರಸ್ತೆ

ಸಾಲದು. ನಾಳೆ ಆ ಮನೆ ಮಗನ ಕೈಗೆ ಬರುತ್ತದೆ, ಈಗಲೇ ಮುಖ ಗಂಟಿಕ್ಕಿದವನು ಆಗ ಯಾವ ಒಪ್ಪಂದ ಅಂತಾನೆ. ಸಂದಿ ಎಷ್ಟು ಉಳಿಯುತ್ತದೆ, ನಿಮ್ಮ ಮಳೆ ನೀರಿನ ಪೈಪ್ ಎಲ್ಲಿ ಇಳಿಯುತ್ತದೆ, ಅವರ ಸಜ್ಜಾ ಎಲ್ಲಿಗೆ ನಿಲ್ಲುತ್ತದೆ, ಗುಂಡಿಯಿಂದ ಬಿರುಕು ಬಿಟ್ಟರೆ ರಿಪೇರಿ ಖರ್ಚು ಯಾರದು, ಇಷ್ಟನ್ನೂ ಕೈನಕ್ಷೆ ಸಮೇತ ಬರೆದು ಇಬ್ಬರೂ ಸಹಿ ಮಾಡಿ, ಮಗನದೂ ಸಹಿ ಹಾಕಿಸಿ. ನಿಮ್ಮ ಹಕ್ಕು ಬಿಟ್ಟುಕೊಡುವ ಸಾಲು ಏನಾದರೂ ಅದರಲ್ಲಿದ್ದರೆ ವಕೀಲರಿಗೆ ತೋರಿಸದೆ ಸಹಿ ಬೇಡ, ಅಂಥದ್ದು ನೋಂದಣಿ ಆಗಬೇಕಾಗುತ್ತದೆ.

ಭಾನುವಾರ ಮಾತು ಮುರಿದರೆ ಸೋಮವಾರ ಅಮ್ಮನನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕರೆದುಕೊಂಡು ಹೋಗಿ. ಮನೆ ಅವರ ಹೆಸರಲ್ಲಿದೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ಸೈಟ್ ಮೇಲಿನವನು

ಅಳೆಯುವಾಗ ಉಕ್ಕಿನ ಟೇಪ್ ಇರಲಿ, ಬಟ್ಟೆ ಟೇಪ್ ಹಿಗ್ಗುತ್ತದೆ. ಮುಂದೆ, ನಡುವೆ, ಹಿಂದೆ ಮೂರೂ ಕಡೆ ಅಳೆಯಿರಿ. ಹಳೇ ಸಂದಿಗಳು ನೇರ ಇರೋದೇ ಕಡಿಮೆ.