ವಿಶ್ವವಿದ್ಯಾಲಯದ ಆಡಳಿತ ವಿಭಾಗದಲ್ಲಿ ಕಾಯಂ ಕೆಲಸ: ಎಲ್ಲಿಂದ ಶುರು, ಎಲ್ಲಿವರೆಗೆ ಬಡ್ತಿ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಬಿ.ಕಾಂ. ಆಗಿದೆ, ಎಂ.ಕಾಂ. ಕೊನೆಯ ಸೆಮಿಸ್ಟರ್. ವಯಸ್ಸು 26, ಪ್ರವರ್ಗ 3ಬಿ (ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿ). ಸದ್ಯ ಒಂದು ರಾಜ್ಯ ವಿವಿಯ ಪರೀಕ್ಷಾ ವಿಭಾಗದಲ್ಲಿ ಹೊರಗುತ್ತಿಗೆ ಮೇಲೆ ಡೇಟಾ ಎಂಟ್ರಿ ಕೆಲಸ. ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಅಥವಾ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಆಗಿ ಸೇರಿದರೆ ಸಹಾಯಕ ಕುಲಸಚಿವರ (ಅಸಿಸ್ಟೆಂಟ್ ರಿಜಿಸ್ಟ್ರಾರ್) ಹುದ್ದೆವರೆಗೆ ಹೋಗಬಹುದಾ? ನೇರವಾಗಿ ಅದಕ್ಕೇ ಅರ್ಜಿ ಹಾಕೋ ದಾರಿ ಇದೆಯಾ? ಈಗಿನ ಅನುಭವ ಲೆಕ್ಕಕ್ಕೆ ಬರುತ್ತಾ?

ಹಳೇಕಡತ:
ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಇಲ್ಲ, ಬರುವುದಿಲ್ಲ. ಹೊರಗುತ್ತಿಗೆಯಲ್ಲಿ ನೀವು ಏಜೆನ್ಸಿಯ ನೌಕರರು, ವಿವಿಯವರಲ್ಲ. ಸೇವಾ ಪುಸ್ತಕ ಇಲ್ಲ, ಜ್ಯೇಷ್ಠತೆ ಇಲ್ಲ. "ಇಷ್ಟು ವರ್ಷ ದುಡಿದರೆ ಕಾಯಂ ಮಾಡ್ತಾರೆ" ಎಂಬ ಮಾತು ಎಲ್ಲ ಸೆಕ್ಷನ್‌ಗಳಲ್ಲೂ ಓಡಾಡುತ್ತದೆ, ನಂಬಬೇಡಿ. ನಿಯಮದ ಪ್ರಕಾರ ನೇಮಕವಾಗದವರು ಕಾಯಮಾತಿಯನ್ನು ಹಕ್ಕಾಗಿ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಉಮಾದೇವಿ ಪ್ರಕರಣದಲ್ಲೇ ಹೇಳಿಯಾಗಿದೆ. ಅದೂ ನಮ್ಮ ರಾಜ್ಯದ್ದೇ ಪ್ರಕರಣ.

ರಾಜ್ಯ ವಿವಿಗಳಲ್ಲಿ ಏಣಿ ಹೀಗಿದೆ: ಎಸ್‌ಡಿಎ, ಎಫ್‌ಡಿಎ, ಅಧೀಕ್ಷಕ, ಸಹಾಯಕ ಕುಲಸಚಿವ, ಉಪ ಕುಲಸಚಿವ. ಎಸ್‌ಡಿಎಗೆ ಪಿಯುಸಿ ಸಾಕು, ಎಫ್‌ಡಿಎಗೆ ಪದವಿ ಬೇಕು. ನೀವು ಪದವೀಧರರು, ಎಫ್‌ಡಿಎ ಅಧಿಸೂಚನೆ ಬಂದರೆ ಅದನ್ನು ಬಿಡಬೇಡಿ, ಒಂದು ಮೆಟ್ಟಿಲು ಉಳಿಯುತ್ತದೆ. 2024ರ ಆಗಸ್ಟ್‌ನಿಂದ ಜಾರಿಯಾದ ವೇತನ ಶ್ರೇಣಿಯಲ್ಲಿ ಎಸ್‌ಡಿಎ ಮೂಲ ವೇತನ 34,100, ಎಫ್‌ಡಿಎ 44,425. ಸಹಾಯಕ ಕುಲಸಚಿವರ ಹುದ್ದೆ ಬಹುಮಟ್ಟಿಗೆ ಬಡ್ತಿಯಿಂದಲೇ ತುಂಬುತ್ತದೆ. ಅದಕ್ಕೂ ಮೇಲೆ, ಕುಲಸಚಿವರ ಕುರ್ಚಿಗೆ ಸರ್ಕಾರವೇ ಐಎಎಸ್, ಕೆಎಎಸ್ ಅಧಿಕಾರಿಯನ್ನೋ ಪ್ರಾಧ್ಯಾಪಕರನ್ನೋ ಕಳಿಸುತ್ತದೆ. ಮೌಲ್ಯಮಾಪನ ಕುಲಸಚಿವರು ಪ್ರಾಧ್ಯಾಪಕರು, ಹಣಕಾಸು ಅಧಿಕಾರಿ ಲೆಕ್ಕಪತ್ರ ಇಲಾಖೆಯವರು. ಹಾಗಾಗಿ ಗುಮಾಸ್ತಿಕೆಯಿಂದ ಹತ್ತಿದವರಿಗೆ ಉಪ ಕುಲಸಚಿವ ಹುದ್ದೆಯೇ ಹೆಚ್ಚುಕಡಿಮೆ ಕೊನೆಯ ಮೆಟ್ಟಿಲು.

ನಿಜವಾದ ತೊಂದರೆ ಅಂದರೆ ನೇಮಕಾತಿಯೇ ಅಪರೂಪ. ಖಾಲಿ ಹುದ್ದೆ ತುಂಬಲು ಆರ್ಥಿಕ ಇಲಾಖೆಯ ಒಪ್ಪಿಗೆ ಬೇಕು, ಅದು ವರ್ಷಗಟ್ಟಲೆ ಬರುವುದಿಲ್ಲ. ವಿವಿಯನ್ನೇ ಕಾಯುತ್ತ ಕೂರದೆ ಕೆಪಿಎಸ್‌ಸಿ (ರಾಜ್ಯ ಲೋಕಸೇವಾ ಆಯೋಗ), ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕರೆಯುವ ಎಲ್ಲ ಎಫ್‌ಡಿಎ ಪರೀಕ್ಷೆ ಬರೆಯಿರಿ. ಕಡ್ಡಾಯ ಕನ್ನಡ ಪತ್ರಿಕೆಯಲ್ಲಿ 150ಕ್ಕೆ 50 ಬಾರದಿದ್ದರೆ ಉಳಿದ ಪತ್ರಿಕೆ ಎಷ್ಟೇ ಚೆನ್ನಾಗಿದ್ದರೂ ಆಯ್ಕೆ ಪಟ್ಟಿಗೆ ಬರುವುದಿಲ್ಲ, ಹಗುರವಾಗಿ ತಗೋಬೇಡಿ.

ಕಲಬುರಗಿ ಬಿಸಿಲು:
ಹಳೇಕಡತ ಸರ್ ಹೇಳಿದ್ದು ರಾಜ್ಯದ ಮಟ್ಟಿಗೆ ಸರಿ. ನೇರ ದಾರಿ ಇರುವುದು ಕೇಂದ್ರದಲ್ಲಿ. ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಸೇರಿದಂತೆ ದೇಶದ ಯಾವುದೇ ಕೇಂದ್ರೀಯ ವಿವಿಯಲ್ಲಿ ಸಹಾಯಕ ಕುಲಸಚಿವ ಹುದ್ದೆಗೆ ಯುಜಿಸಿ ಅರ್ಹತೆ ಸ್ನಾತಕೋತ್ತರದಲ್ಲಿ ಶೇ. 55, ಅಷ್ಟೇ. ಮೂಲ ವೇತನ 56,100, ಕೇಂದ್ರದ ವೇತನ ಶ್ರೇಣಿಯಲ್ಲಿ ಲೆವೆಲ್ 10. ಲಿಖಿತ ಪರೀಕ್ಷೆ, ಆಮೇಲೆ ಸಂದರ್ಶನ. ಆದ್ದರಿಂದ ಎಂ.ಕಾಂ.ನಲ್ಲಿ ಶೇ. 54.8 ಬಂದು ನಿಲ್ಲದ ಹಾಗೆ ನೋಡಿಕೊಳ್ಳಿ, ಸಾಮಾನ್ಯ ವರ್ಗಕ್ಕೆ ಅದನ್ನು 55 ಎಂದು ಯಾರೂ ಒಪ್ಪುವುದಿಲ್ಲ. ಇಂಪ್ರೂವ್‌ಮೆಂಟ್‌ಗೆ ಅವಕಾಶವಿದ್ದರೆ ಈಗಲೇ ಕಟ್ಟಿ.

ಉಪ ಕುಲಸಚಿವ (ಲೆವೆಲ್ 12) ಆಗಲು ಸಹಾಯಕ ಕುಲಸಚಿವರಾಗಿ 5 ವರ್ಷ. ಕುಲಸಚಿವ (ಲೆವೆಲ್ 14) ಹುದ್ದೆಗೆ ಆಡಳಿತದಲ್ಲಿ 15 ವರ್ಷ, ಅದರಲ್ಲಿ 8 ವರ್ಷ ಉಪ ಕುಲಸಚಿವ ಅಥವಾ ಸಮಾನ ಹುದ್ದೆ. ಅಂದರೆ ಅಧ್ಯಾಪಕರಲ್ಲದವರಿಗೂ ಅಲ್ಲಿ ಕುಲಸಚಿವರ ಕುರ್ಚಿ ಮುಚ್ಚಿಲ್ಲ. ಕೆಳಗಿನಿಂದ ಬರುವುದಾದರೆ ಎಲ್‌ಡಿಸಿ ಅಂದರೆ ಕಿರಿಯ ಗುಮಾಸ್ತ (19,900), ಯುಡಿಸಿ ಅಂದರೆ ಹಿರಿಯ ಗುಮಾಸ್ತ (25,500), ಅಸಿಸ್ಟೆಂಟ್ (35,400), ಸೆಕ್ಷನ್ ಆಫೀಸರ್ (44,900). ಎಲ್‌ಡಿಸಿಗೆ ಟೈಪಿಂಗ್ ನಿಮಿಷಕ್ಕೆ ಇಂಗ್ಲಿಷ್ 35 ಪದ ಅಥವಾ ಹಿಂದಿ 30. ಕನ್ನಡ ಟೈಪಿಂಗ್ ಅಲ್ಲಿ ಲೆಕ್ಕಕ್ಕಿಲ್ಲ.

ಅರ್ಜಿ ಎಲ್ಲಿ ಬಿದ್ದುಹೋಗುತ್ತದೆ ಗೊತ್ತಾ? ಪ್ರವರ್ಗದ ಕಾಲಂನಲ್ಲಿ. 3ಬಿ ಅಂದಮಾತ್ರಕ್ಕೆ ಕೇಂದ್ರದ ಒಬಿಸಿ ಆಗುವುದಿಲ್ಲ, ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಇರಬೇಕು. ಇಲ್ಲದಿದ್ದರೆ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದು ಆಸ್ತಿಯ ಮಿತಿಯೂ ಮೀರದಿದ್ದರೆ, ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲ ವರ್ಗ) ಪ್ರಮಾಣಪತ್ರ ಮಾಡಿಸಿ. ಅದು ಹಿಂದಿನ ಆರ್ಥಿಕ ವರ್ಷದ ಆದಾಯಕ್ಕೆ ಕೊಟ್ಟಿದ್ದಾಗಿರಬೇಕು, ಹಳೆಯದು ನಡೆಯುವುದಿಲ್ಲ. ಕಾಯಂ ಕೆಲಸಕ್ಕೆ ಸೇರಿದ ಮೇಲೆ ಅರ್ಜಿ ಹಾಕಿದರೆ ಮೇಲಧಿಕಾರಿಯ ಮೂಲಕ ಹೋಗಬೇಕು, ನಿರಾಕ್ಷೇಪಣಾ ಪತ್ರಕ್ಕೆ ಕೊನೆಯ ವಾರ ಓಡಾಡಬೇಡಿ. ಅನುಭವ ಪತ್ರದಲ್ಲಿ ಹುದ್ದೆಯ ಹೆಸರೊಂದೇ ಇದ್ದರೆ ಸಾಲದು. ವೇತನ ಲೆವೆಲ್, ಸೇರಿದ ಮತ್ತು ಬಿಟ್ಟ ದಿನಾಂಕ, ಕೆಲಸದ ಸ್ವರೂಪ ಮೂರೂ ಬೇಕು.

ನೋಟ್‌ಶೀಟ್:
ಪರೀಕ್ಷೆ ಪಾಸಾಗುವುದನ್ನು ಎಲ್ಲರೂ ಹೇಳಿದರು. ಒಳಗೆ ಬಂದ ಮೇಲೆ ಯಾರ ಮಾತಿಗೆ ಬೆಲೆ ಎಂಬುದು ಟಿಪ್ಪಣಿ (ಆದೇಶ ಕೋರಿ ಕಡತದಲ್ಲಿ ಮೇಲಧಿಕಾರಿಗೆ ಬರೆಯುವ ವಿವರಣೆ) ಬರೆಯುವುದರ ಮೇಲೆ ನಿಂತಿದೆ. ಹೊರಗುತ್ತಿಗೆಯಲ್ಲಿದ್ದರೂ ಅದನ್ನು ಈಗಲೇ ಕಲಿಯಬಹುದು, ಕಾಸು ಕೊಡಬೇಕಾಗಿಲ್ಲ.

ಒಂದು ಖರೀದಿ ಕಡತ ತೆಗೆದುಕೊಳ್ಳಿ, ಪರೀಕ್ಷಾ ವಿಭಾಗಕ್ಕೆ ಪ್ರಿಂಟರ್ ಬೇಕು. ಮೊದಲ ಪ್ಯಾರಾದಲ್ಲಿ ಬೇಡಿಕೆ ಪತ್ರ ಯಾವ ಪುಟದಲ್ಲಿದೆ. ಎರಡನೆಯದರಲ್ಲಿ ಇದೇ ವಿಷಯದಲ್ಲಿ ಹಿಂದೆ ಆದ ಆದೇಶ. ಮೂರನೆಯದರಲ್ಲಿ ನಿಯಮ. ನಾಲ್ಕನೆಯದು ಲೆಕ್ಕ ಶೀರ್ಷಿಕೆ, ಈ ಸಾಲಿನ ಹಂಚಿಕೆ, ಈವರೆಗಿನ ಖರ್ಚು, ಉಳಿದ ಮೊತ್ತ. ಕೊನೆಗೆ ಏನು ಆದೇಶ ಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ. "ಮುಂದಿನ ಸೂಕ್ತ ಆದೇಶಕ್ಕಾಗಿ ಸಲ್ಲಿಸಿದೆ" ಎಂದು ಬರೆದು ಕೈತೊಳೆದುಕೊಂಡರೆ ಕಡತ "ಚರ್ಚಿಸಿ" ಎಂಬ ಷರಾ ಹೊತ್ತು ವಾಪಸ್ ಬರುತ್ತದೆ, ನೋಡಿ. ನಾಲ್ಕನೇ ಪ್ಯಾರಾ ಬಿಟ್ಟರೆ ಹಣಕಾಸು ವಿಭಾಗ ಹಿಂದಕ್ಕೆ ಕಳಿಸುತ್ತದೆ. ಖರೀದಿ ಮುಗಿಸಿ ಆಮೇಲೆ ಸಿಂಡಿಕೇಟ್‌ನಲ್ಲಿ (ವಿವಿಯ ಆಡಳಿತ ಮಂಡಳಿ) ಘಟನೋತ್ತರ ಅನುಮೋದನೆ ಕೇಳುವ ಚಾಳಿ ಬಹಳ ಕಡೆ ಇದೆ. ಆಡಿಟ್ ಆಕ್ಷೇಪಣೆ ಹುಟ್ಟುವುದು ಅಲ್ಲೇ, ಉತ್ತರ ಕೊಡಬೇಕಾದವರು ವಿಷಯ ನಿರ್ವಾಹಕರೇ, ಅಂದರೆ ಆ ಕಡತ ನೋಡಿಕೊಳ್ಳುವ ನೌಕರರೇ.

ಓದಬೇಕಾದ್ದು: ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ 2000, ನಿಮ್ಮ ವಿವಿಯ ಪರಿನಿಯಮಗಳು, ಕೆಸಿಎಸ್‌ಆರ್ (ಕರ್ನಾಟಕ ನಾಗರಿಕ ಸೇವಾ ನಿಯಮಗಳು), ಕೆಟಿಪಿಪಿ ಕಾಯ್ದೆ (ಸರ್ಕಾರಿ ಖರೀದಿಯ ಪಾರದರ್ಶಕತೆ ಕಾಯ್ದೆ). ಮಾಹಿತಿ ಹಕ್ಕಿನ 30 ದಿನದ ಗಡುವು ಬಾಯಿಪಾಠ ಇರಲಿ. ಮೂರು ವರ್ಷಕ್ಕೊಮ್ಮೆ ಸೆಕ್ಷನ್ ಬದಲಾಯಿಸಿಕೊಳ್ಳುವುದು ಒಳ್ಳೆಯದು. ಇಡೀ ಸೇವೆ ಪರೀಕ್ಷಾ ವಿಭಾಗದಲ್ಲೇ ಕಳೆದವರಿಗೆ ಅಧೀಕ್ಷಕರಾದ ದಿನ ಪಿಂಚಣಿ ಕಡತ ಬಂದರೆ ಕೈಕಾಲು ಆಡುವುದಿಲ್ಲ.

ತುಂಗಾತೀರ:
ತುಂಬಾ ಧನ್ಯವಾದ. ಇಲಾಖಾ ಪರೀಕ್ಷೆ ಪಾಸಾಗದಿದ್ದರೆ ಬಡ್ತಿ ನಿಲ್ಲುತ್ತಾ? ಕಲ್ಯಾಣ ಕರ್ನಾಟಕದ ವಿವಿಗಳಿಗೆ ಹೊರಗಿನವರು ಹಾಕಬಹುದಾ?

ಹಳೇಕಡತ:
ಪರೀಕ್ಷೆ ನಿಗದಿಪಡಿಸಿದ್ದರೆ ನಿಲ್ಲುತ್ತದೆ. ಅಕೌಂಟ್ಸ್ ಹೈಯರ್, ಜನರಲ್ ಲಾ ಇವೆರಡರಲ್ಲೇ ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು. ನಿಮ್ಮ ವಿವಿ ಯಾವುದನ್ನು ಕೇಳುತ್ತದೆ ಎಂಬುದು ಅದರ ವೃಂದ ಮತ್ತು ನೇಮಕಾತಿ ನಿಯಮದಲ್ಲಿರುತ್ತದೆ. ಪರೀಕ್ಷಾರ್ಥ ಅವಧಿಯಲ್ಲೇ ಮುಗಿಸಿ, ಯಾಕೆಂದರೆ ಕಿರಿಯರು ಪಾಸಾಗಿ ಮೇಲೆ ಹೋದರೆ ಆಮೇಲೆ ಪಾಸಾಗಿ ಪ್ರಯೋಜನ ಕಡಿಮೆ. ಬಡ್ತಿ ಸಿಗದಿದ್ದರೂ 10 ವರ್ಷಕ್ಕೆ ಕಾಲಮಿತಿ ವೇತನ ಬಡ್ತಿ ಇದೆ, ಆದರೆ ಅದರಿಂದ ಹುದ್ದೆ ಬದಲಾಗುವುದಿಲ್ಲ.

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಪ್ರಕಾರ ಗುಲ್ಬರ್ಗ, ಬಳ್ಳಾರಿ ವಿವಿಗಳಂಥ ಕಡೆ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ. 80 ಸ್ಥಳೀಯರಿಗೆ ಮೀಸಲು, ಅದಕ್ಕೆ ಉಪವಿಭಾಗಾಧಿಕಾರಿ ಕೊಟ್ಟ ಪ್ರಮಾಣಪತ್ರ ಬೇಕು. ಉಳಿದ ಹುದ್ದೆಗಳಿಗೆ ನೀವು ಹಾಕಬಹುದು. ಅಧಿಸೂಚನೆಯಲ್ಲಿ ಆರ್‌ಪಿಸಿ (ಉಳಿಕೆ ಮೂಲ ವೃಂದ), ಎಚ್‌ಕೆ (ಹೈದರಾಬಾದ್ ಕರ್ನಾಟಕ, ಈಗಿನ ಕಲ್ಯಾಣ ಕರ್ನಾಟಕ) ಎಂದು ಬೇರೆಬೇರೆ ಹುದ್ದೆ ಹಂಚಿರುತ್ತಾರೆ, ಅರ್ಜಿ ತುಂಬುವಾಗ ಅದನ್ನು ನೋಡಿಯೇ ಮುಂದುವರಿಯಿರಿ.